ಋಷಿಮೂಲ ಬೇಡ, ಋಷಿಯ ನಡತೆ ಬೇಕು

ಚಿತ್ರದುರ್ಗದ ಮುರುಘಾಮಠದ ಶಿವಮೂರ್ತಿ ಮುರುಘಾ ಶರಣರನ್ನು ಪೋಕ್ಸೊ ಪ್ರಕರಣವೊಂದರಲ್ಲಿ ಅಲ್ಲಿನ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಖುಲಾಸೆಗೊಳಿಸಿದಾಗ ನಮ್ಮ ಭಾಗದಲ್ಲಿ ಎರಡು ಬಗೆಯ ಮಾತು ಕೇಳಿಬಂತು. ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದವರು ಕೆಲವರು. ‘ದೊಡ್ಡವರಿಗೆ ಎಲ್ಲಿಯ ಶಿಕ್ಷೆ’ ಎಂದು ಗೊಣಗಿದವರು ಕೆಲವರು. ಇಬ್ಬರಲ್ಲಿ ಯಾರೂ ತೀರ್ಪನ್ನು ಓದಿದಂತೆ ಕಾಣಲಿಲ್ಲ. ನ್ಯಾಯಾಲಯ ಬಿಡುಗಡೆ ಮಾಡಿದವರನ್ನು ಪತ್ರಿಕೆಯ ಪುಟದಲ್ಲಿ ಮತ್ತೆ ಕಟಕಟೆಗೆ ನಿಲ್ಲಿಸುವುದು ಸಲ್ಲದು; ಆ ಉದ್ದೇಶ ಈ ಲೇಖನಕ್ಕಿಲ್ಲ. ನನ್ನನ್ನು ಕಾಡುತ್ತಿರುವುದು ತೀರ್ಪಲ್ಲ, ಅದಕ್ಕೆ ಮೂರು ವರ್ಷ ಹಿಂದಿನ ಒಂದು ವಾರ.

ಆ ಪ್ರಕರಣದ ದೂರು ಮೊದಲು ದಾಖಲಾದದ್ದು ಮೈಸೂರಿನ ನಜರಬಾದ್ ಠಾಣೆಯಲ್ಲಿ, 2022ರ ಆಗಸ್ಟ್ 26ರಂದು. ಬಂಧನವಾದದ್ದು ಸೆಪ್ಟೆಂಬರ್ 1ರ ರಾತ್ರಿ. ನಡುವಿನ ಆ ಆರೇಳು ದಿನಗಳಲ್ಲಿ ಯಾರ ಕೈಯಲ್ಲಿಯೂ ಸಾಕ್ಷ್ಯವಿರಲಿಲ್ಲ. ಆದರೂ ರಾಜ್ಯವೆಲ್ಲ ಮಾತನಾಡಿತು. ಶರಣರ ಪರ ನಿಂತವರು ಸಾಮೂಹಿಕ ವಿವಾಹಗಳನ್ನು ನೆನಪಿಸಿದರು, ವಿದ್ಯಾರ್ಥಿನಿಲಯಗಳನ್ನು ಎಣಿಸಿದರು, ಹಿಂದುಳಿದ ಸಮುದಾಯಗಳಿಗೆ ಗುರುಪೀಠಗಳನ್ನು ಕಟ್ಟಿಕೊಟ್ಟ ಸಾಹಸವನ್ನು ಕೊಂಡಾಡಿದರು. ಅವೆಲ್ಲವೂ ನಿಜವೇ. ಆದರೆ ಆರೋಪ ಸುಳ್ಳು ಎನ್ನುವುದಕ್ಕೆ ಅವು ಯಾವ ರೀತಿಯಲ್ಲಿ ಪುರಾವೆಯಾಗುತ್ತವೆ? ಅತ್ತ ವಿರೋಧಿಗಳಿಗೆ ಕಾವಿ ಬಟ್ಟೆಯೇ ಅಪರಾಧದ ಪುರಾವೆಯಾಗಿತ್ತು. ಒಬ್ಬ ವ್ಯಕ್ತಿ ತಪ್ಪು ಮಾಡಿದ್ದಾನೆಯೇ ಎಂಬ ಪ್ರಶ್ನೆಗೆ ಆತ ಎಷ್ಟು ಒಳ್ಳೆಯ ಕೆಲಸ ಮಾಡಿದ್ದಾನೆ ಎಂಬ ಲೆಕ್ಕವನ್ನು ಉತ್ತರವಾಗಿ ಕೊಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದನ್ನು ಆ ವಾರ ತೋರಿಸಿಕೊಟ್ಟಿತು. ಆ ಅಭ್ಯಾಸ ಒಂದು ಮಠಕ್ಕೋ ಒಂದು ಧರ್ಮಕ್ಕೋ ಸೀಮಿತವಾದುದಲ್ಲ.

ಈ ಅಭ್ಯಾಸಕ್ಕೆ ನಾವು ಒಂದು ಗಾದೆಯ ಆಸರೆಯನ್ನೂ ಕೊಟ್ಟಿದ್ದೇವೆ. ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತೇವೆ. ಯಾವುದೋ ಸ್ವಾಮಿಯ, ಬಾಬಾನ, ಪಾದ್ರಿಯ ವಿಷಯದಲ್ಲಿ ಅಪಸ್ವರ ಕೇಳಿದೊಡನೆ ಹಿರಿಯರ ಬಾಯಿಂದ ಈ ಮಾತು ಹೊರಬೀಳುತ್ತದೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಆದರೆ ಗಾದೆ ಹೇಳುವುದು ಮೂಲವನ್ನು ಕುರಿತು. ವ್ಯಾಸರು ಬೆಸ್ತರ ಹೆಣ್ಣಿನ ಮಗ, ವಾಲ್ಮೀಕಿ ಬೇಡ. ಋಷಿ ಯಾವ ಕುಲದಲ್ಲಿ ಹುಟ್ಟಿದ, ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂದು ಕೇಳಿ ಅವನ ಜ್ಞಾನವನ್ನು ಅಳೆಯಬೇಡ ಎಂಬುದು ಅದರ ತಿರುಳು. ಜಾತಿಯ ಅಹಂಕಾರಕ್ಕೆ ಹಾಕಿದ ಆ ಕಡಿವಾಣವನ್ನು ನಾವು ಕಾಲಕ್ರಮದಲ್ಲಿ ನಡತೆಯ ಪ್ರಶ್ನೆಗೆ ಹಾಕುವ ಬೀಗವನ್ನಾಗಿ ಮಾಡಿಕೊಂಡೆವು. ವಿಪರ್ಯಾಸವೆಂದರೆ, ಗಾದೆ ಕೇಳಬಾರದೆಂದ ಜಾತಿಯನ್ನು ನಾವು ಇಂದಿಗೂ ಎಲ್ಲ ಗುರುಪೀಠಗಳಲ್ಲಿಯೂ ಮೊದಲು ಕೇಳುತ್ತೇವೆ. ಗಾದೆ ಎಲ್ಲಿಯೂ ನಿಷೇಧಿಸದ ನಡತೆಯನ್ನು ಮಾತ್ರ ಕೇಳುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ಸೀಮೆಯಲ್ಲಿ ಓಡಾಡಿಕೊಂಡಿರುವ ನನಗೆ ಈ ಪ್ರಶ್ನೆ ಇನ್ನೊಂದು ದಾರಿಯಿಂದಲೂ ಎದುರಾಗುತ್ತದೆ. ಹೊಗೆಸೊಪ್ಪಿನ ಬ್ಯಾರನ್‌ಗಳ ನಡುವೆ ಹಾದು ಬೈಲಕುಪ್ಪೆ ಮುಟ್ಟಿದರೆ ಮೆರೂನು ನಿಲುವಂಗಿಯ ಸನ್ಯಾಸಿಗಳ ಬೇರೆಯದೇ ಲೋಕ. 1960ರ ಸುಮಾರಿಗೆ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಲ್ಹಾಸಾದ ಸೆರಾ ಮಠವನ್ನು ಮತ್ತೆ ಕಟ್ಟಿದರು. ನಾವು ‘ಗೋಲ್ಡನ್ ಟೆಂಪಲ್’ ಎಂದು ಕರೆಯುವ ನಮ್ಡ್ರೋಲಿಂಗ್ ಮಠವನ್ನು ಪೆನೋರ್ ರಿನ್‌ಪೋಚೆ 1963ರಲ್ಲಿ ಆರಂಭಿಸಿದರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ತಂತ್ರಶಾಸ್ತ್ರಕ್ಕೆ ಮೀಸಲಾದ ಗ್ಯುಮೆ ಮಠವಿದೆ. ದೇಶ ಕಳೆದುಕೊಂಡ ಜನ ತಮ್ಮ ಗುರುಪರಂಪರೆಯನ್ನು ಹೆಗಲ ಮೇಲೆ ಹೊತ್ತು ತಂದು, ಅದನ್ನು ಕಳೆದುಕೊಳ್ಳದೆ ಉಳಿಸಿಕೊಂಡ ಕಥೆ ಇದು. ಗುರುವಿಗೆ ಈ ಸಮುದಾಯ ಕೊಡುವ ಗೌರವದ ಹಿಂದೆ ಅಳಿವಿನ ಭಯವೂ ಇದೆ ಎಂಬುದನ್ನು ಹೊರಗಿನವರು ಮರೆಯಬಾರದು.

ಸೆರಾದಲ್ಲಿ ಸನ್ಯಾಸಿಗಳು ವಾದ ಮಾಡುವುದನ್ನು ನೋಡಿದವರಿಗೆ ಗೊತ್ತು. ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾನೆ. ಉತ್ತರದಲ್ಲಿ ಎಳೆಯಷ್ಟು ಸಡಿಲವಿದ್ದರೂ ಬಿಡುವುದಿಲ್ಲ. ಅಕ್ಕಸಾಲಿಗ ಚಿನ್ನವನ್ನು ಕಾಯಿಸಿ, ಕತ್ತರಿಸಿ, ಉಜ್ಜಿ ನೋಡುವಂತೆ ತನ್ನ ಮಾತನ್ನೂ ಪರೀಕ್ಷಿಸಿ ಎಂದು ಬುದ್ಧ ಹೇಳಿದನೆಂಬುದನ್ನು ಈ ಪರಂಪರೆ ಹೆಮ್ಮೆಯಿಂದ ನೆನೆಯುತ್ತದೆ. ಇಂಥ ಪರಂಪರೆಯ ವಜ್ರಯಾನ ಮಾರ್ಗದಲ್ಲಿಯೇ ದೀಕ್ಷೆ ಪಡೆದ ಶಿಷ್ಯ ಗುರುವನ್ನು ಸಾಕ್ಷಾತ್ ಬುದ್ಧನೆಂದೇ ಕಾಣಬೇಕು, ಆ ವಚನಬಂಧ ಮುರಿದರೆ ನರಕ ಎಂಬ ನಂಬಿಕೆಯೂ ಇದೆ. ಮಾತನ್ನು ಒರೆಗೆ ಹಚ್ಚಬಹುದು, ಮನುಷ್ಯನನ್ನು ಹಚ್ಚಬಾರದು ಎಂಬಂತಾಯಿತು.

ಇದರ ಫಲವನ್ನು ಜಗತ್ತು ಕಂಡದ್ದು ಸೋಗ್ಯಾಲ್ ರಿನ್‌ಪೋಚೆಯ ಪ್ರಕರಣದಲ್ಲಿ. ಬೈಲಕುಪ್ಪೆಯಿಂದ ಬಹು ದೂರ, ಯುರೋಪು ಅಮೆರಿಕಗಳಲ್ಲಿ ನಡೆದ ಕಥೆ ಇದು; ಇಲ್ಲಿನ ಮಠಗಳಿಗೂ ಅದಕ್ಕೂ ಪರಂಪರೆಯ ನಂಟಿದೆಯೇ ಹೊರತು ತಪ್ಪಿನ ನಂಟಿಲ್ಲ. 1992ರಲ್ಲಿ ಪ್ರಕಟವಾದ, ಬದುಕು ಮತ್ತು ಸಾವನ್ನು ಕುರಿತ ಆತನ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು. ಸಾವಿನ ಹಾಸಿಗೆಯ ಬಳಿ ಕುಳಿತ ಅಸಂಖ್ಯ ಮಂದಿಗೆ ಅದು ಧೈರ್ಯ ಕೊಟ್ಟಿತು. 1994ರಲ್ಲಿಯೇ ಅಮೆರಿಕದ ಮಹಿಳೆಯೊಬ್ಬರು ಆತನ ವಿರುದ್ಧ ಲೈಂಗಿಕ ದೌರ್ಜನ್ಯದ ದಾವೆ ಹೂಡಿದ್ದರು. ಅದು ನ್ಯಾಯಾಲಯದ ಹೊರಗೆ ರಾಜಿಯಾಯಿತು. ಆಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಸಂಸ್ಥೆ ಬೆಳೆಯಿತು, ಗುರುವಿನ ಕೀರ್ತಿಯೂ ಬೆಳೆಯಿತು. 2017ರ ಜುಲೈನಲ್ಲಿ ದೀರ್ಘಕಾಲದ ಎಂಟು ಶಿಷ್ಯರು ಹೊಡೆತ, ಲೈಂಗಿಕ ಶೋಷಣೆ, ಐಷಾರಾಮದ ವಿವರಗಳಿರುವ ಪತ್ರ ಬರೆದರು. ಕೆಲವೇ ದಿನಗಳಲ್ಲಿ ಲಡಾಖ್‌ನಲ್ಲಿ ಮಾತನಾಡಿದ ದಲೈಲಾಮಾ ಸೋಗ್ಯಾಲ್ ತಮ್ಮ ಸ್ನೇಹಿತನಾದರೂ ಈಗ ಮರ್ಯಾದೆ ಕಳೆದುಕೊಂಡಿದ್ದಾನೆ ಎಂದು ನೇರವಾಗಿಯೇ ಹೇಳಿದರು. ಸಂಸ್ಥೆಯೇ ನೇಮಿಸಿದ ಲಂಡನ್ನಿನ ಕಾನೂನು ಸಂಸ್ಥೆಯೊಂದು 2018ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಆರೋಪಗಳ ಬಹುಭಾಗವನ್ನು ಎತ್ತಿಹಿಡಿಯಿತು. ಆಡಳಿತದ ಕೆಲವು ಹಿರಿಯರಿಗೆ ಇದು ಗೊತ್ತಿದ್ದೂ ಅವರು ಸುಮ್ಮನಿದ್ದರು ಎಂಬುದನ್ನೂ ಅದು ದಾಖಲಿಸಿತು. ಮರುವರ್ಷ ಆಗಸ್ಟ್‌ನಲ್ಲಿ ಸೋಗ್ಯಾಲ್ ತೀರಿಕೊಂಡ. ಯಾವ ನ್ಯಾಯಾಲಯವೂ ವಿಚಾರಣೆ ನಡೆಸಿ ತೀರ್ಪು ಕೊಡಲಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ ದೂರು ಕೊಟ್ಟವರು ಯಾರು ಎಂಬುದು. ಅವರು ಧರ್ಮದ್ವೇಷಿಗಳಲ್ಲ, ವಿಚಾರವಾದಿಗಳ ಸಂಘದವರಲ್ಲ. ಬದುಕಿನ ಬಹುಪಾಲನ್ನು ಆ ಗುರುವಿನ ಪಾದದ ಬಳಿ ಸವೆಸಿದ ಭಕ್ತರು. ಇಂಥ ಸಂದರ್ಭಗಳಲ್ಲಿ ನಾವು ಭಕ್ತರು ಒಂದು ಕಡೆ, ಟೀಕಾಕಾರರು ಇನ್ನೊಂದು ಕಡೆ ಎಂದು ಗೆರೆ ಎಳೆಯುತ್ತೇವೆ. ಆ ಗೆರೆ ಸುಳ್ಳು. ಗುರುವಿನಿಂದ ನೋವುಂಡವರು ಬಹುತೇಕ ಗುರುವಿನ ಮನೆಯವರೇ ಆಗಿರುತ್ತಾರೆ. ಹೊರಗಿನವರಿಗೆ ಆ ಕೋಣೆಯ ಬಾಗಿಲು ತೆರೆಯುವುದೇ ಇಲ್ಲವಲ್ಲ! ತನ್ನ ಮಗಳನ್ನು ಧೈರ್ಯವಾಗಿ ಆಶ್ರಮದಲ್ಲಿ ಬಿಟ್ಟು ಬರುವವನು ನಂಬಿಕೆಯುಳ್ಳವನು, ನಾಸ್ತಿಕನಲ್ಲ. ಹೀಗಾಗಿ ‘ಭಕ್ತರ ಭಾವನೆಗೆ ಧಕ್ಕೆ’ ಎಂದು ನಾವು ಕೂಗುವಾಗ ಮೊದಲು ಧಕ್ಕೆಯಾದ ಭಕ್ತಳ ಭಾವನೆಯನ್ನು ಲೆಕ್ಕದಿಂದ ಕೈಬಿಟ್ಟಿರುತ್ತೇವೆ. ಅವಳು ಕಳೆದುಕೊಂಡದ್ದು ಎರಡು: ತನ್ನ ದೇಹದ ಮೇಲಿನ ಹಕ್ಕು, ಮತ್ತು ತನ್ನ ದೇವರು.

ಸೆರಾ ಜೆ ಪರಂಪರೆಯ ಲಾಮಾ ಒಬ್ಬರ ಮೇಲೆ 2019ರಲ್ಲಿ ಆರೋಪ ಬಂದಾಗ, ಅಂತರರಾಷ್ಟ್ರೀಯ ಬೌದ್ಧ ಸಂಸ್ಥೆಯೊಂದರ ಪೂಜ್ಯ ಮುಖ್ಯಸ್ಥರು ಆ ಲಾಮಾ ಸಾಮಾನ್ಯ ಮನುಷ್ಯರಲ್ಲ, ಶಿಷ್ಯರು ಶ್ರದ್ಧೆ ಕಳೆದುಕೊಳ್ಳಬಾರದು ಎಂಬರ್ಥದ ಪತ್ರ ಬರೆದರು. ಅದೇ ಸಂಸ್ಥೆ ಹೊರಗಿನ ತಜ್ಞರಿಂದ ತನಿಖೆ ಮಾಡಿಸಿತು; 2020ರಲ್ಲಿ ಅವರು ದುರ್ನಡತೆ ನಡೆದದ್ದು ಹೌದು ಎಂಬ ತೀರ್ಮಾನಕ್ಕೆ ಬಂದರು. ಇದು ನ್ಯಾಯಾಲಯದ ತೀರ್ಪಲ್ಲ, ನಿಜ. ಆದರೆ ಪೂಜ್ಯರ ಪತ್ರವನ್ನು ಮೀರಿ ತನಿಖೆ ನಡೆಸುವಷ್ಟು ಸ್ವಾತಂತ್ರ್ಯ ಆ ಸಂಸ್ಥೆಗೆ ಇತ್ತಲ್ಲ, ಅದು ನಮ್ಮಲ್ಲಿ ಎಷ್ಟು ಮಠಗಳಿಗೆ, ಎಷ್ಟು ಧರ್ಮಪ್ರಾಂತಗಳಿಗೆ ಇದೆ?

ಪರಂಪರೆಯೊಳಗೆ ಇದಕ್ಕೆ ಆಧಾರವೇ ಇಲ್ಲವೆಂದಲ್ಲ. ಗುರುವನ್ನು ಒಪ್ಪಿಕೊಳ್ಳುವ ಮುನ್ನ ಹನ್ನೆರಡು ವರ್ಷ ಪರೀಕ್ಷಿಸಬಹುದು ಎನ್ನುತ್ತದೆ ಟಿಬೆಟನ್ ಸಂಪ್ರದಾಯ. ಸೆರಾ ಮಠ ಅನುಸರಿಸುವ ಗೆಲುಗ್ ಪಂಥದ ಮೂಲಪುರುಷ ತ್ಸೊಂಗ್‌ಖಾಪಾ, ಧರ್ಮಕ್ಕೆ ವಿರುದ್ಧವಾದುದನ್ನು ಗುರು ಹೇಳಿದರೆ ಅದನ್ನು ಮಾಡಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. 1993ರಲ್ಲಿ ಧರ್ಮಶಾಲಾದಲ್ಲಿ ಪಾಶ್ಚಾತ್ಯ ಬೌದ್ಧ ಗುರುಗಳ ಸಭೆ ನಡೆದಾಗಲೂ, ದುರ್ನಡತೆಯ ಗಟ್ಟಿ ಪುರಾವೆಯಿದ್ದರೆ ಬಹಿರಂಗಪಡಿಸಿ ಎಂಬುದೇ ದಲೈಲಾಮಾ ಅವರ ನಿಲುವಾಗಿತ್ತು. ಅಂದರೆ ಔಷಧ ಕಪಾಟಿನಲ್ಲಿತ್ತು. ಸೋಗ್ಯಾಲ್ ಪ್ರಕರಣದಲ್ಲಿ ಅದನ್ನು ಕೆಳಗಿಳಿಸಲು ಇನ್ನೂ 24 ವರ್ಷ ಹಿಡಿಯಿತು.

ಇದೇ ಪ್ರಶ್ನೆಯನ್ನು ನಮಗಿಂತ ನಿಷ್ಠುರವಾಗಿ ಚರ್ಚಿಸಿಕೊಂಡ ಇನ್ನೊಂದು ಸಮುದಾಯವಿದೆ. ಟಿಬೆಟನ್ನರಂತೆಯೇ ನೆಲ ಕಳೆದುಕೊಂಡು ಗ್ರಂಥ ಮತ್ತು ಗುರುಗಳ ಬಲದಿಂದ ಉಳಿದುಕೊಂಡ ಯಹೂದಿಗಳದು. ಬರ್ಲಿನ್‌ನಲ್ಲಿ 1925ರಲ್ಲಿ ಹುಟ್ಟಿ, ನಾಜಿಗಳಿಂದ ಪಾರಾಗಿ ಅಮೆರಿಕ ಸೇರಿದ ಶ್ಲೋಮೊ ಕಾರ್ಲೆಬಾಖ್ ಎಂಬ ರಬ್ಬಿ ಹತ್ಯಾಕಾಂಡದಿಂದ ಮಂಕಾಗಿದ್ದ ಜನರಿಗೆ ಮತ್ತೆ ಹಾಡಲು ಕಲಿಸಿದ. ಶುಕ್ರವಾರ ಸಂಜೆಯ ಪ್ರಾರ್ಥನೆಯಲ್ಲಿ ಪಂಥಭೇದವಿಲ್ಲದೆ ಜಗತ್ತಿನಾದ್ಯಂತ ಅವನ ರಾಗಗಳು ಮೊಳಗುತ್ತವೆ. 1994ರಲ್ಲಿ ಆತ ತೀರಿಕೊಂಡ. 1998ರಲ್ಲಿ ‘ಲಿಲಿತ್’ ಎಂಬ ಯಹೂದಿ ಮಹಿಳಾ ಪತ್ರಿಕೆ ಆತನಿಂದ ಲೈಂಗಿಕ ಕಿರುಕುಳಕ್ಕೆ ಒಳಗಾದೆವೆಂದ ಹಲವು ಮಹಿಳೆಯರ ಮಾತುಗಳನ್ನು ಪ್ರಕಟಿಸಿತು. ಸತ್ತವನು ಉತ್ತರ ಕೊಡಲಾರ. ಹಾಡುಗಳು ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 2018ರ ಜನವರಿಯಲ್ಲಿ, ಸ್ವತಃ ಗಾಯಕಿಯಾದ ಆತನ ಮಗಳು ನೆಶಾಮಾ ಆ ಮಹಿಳೆಯರ ಮಾತನ್ನು ತಾನು ಆಲಿಸುತ್ತಿರುವುದಾಗಿ ಬಹಿರಂಗವಾಗಿ ಬರೆದಳು. ತಂದೆಯ ಮೇಲಿನ ಪ್ರೀತಿಯನ್ನೂ ಆಕೆ ಮುಚ್ಚಿಡಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗ್ ಒಂದು ವರ್ಷ ಅವನ ರಾಗಗಳನ್ನು ಹಾಡದಿರಲು ನಿರ್ಧರಿಸಿತು. ಕೆಲವರಿಗೆ ಇದು ಅತಿರೇಕವೆನಿಸಿತು. ನನಗೆ ಹಾಗೆನಿಸುವುದಿಲ್ಲ. ನಮ್ಮಲ್ಲಿ ಸೂತಕ ಆಚರಿಸುವುದಿಲ್ಲವೇ? ಹಬ್ಬವನ್ನು ಶಾಶ್ವತವಾಗಿ ಬಿಡುವುದಿಲ್ಲ. ಆದರೆ ಮನೆಯಲ್ಲಿ ನೋವಿರುವಾಗ ಹೋಳಿಗೆ ಮಾಡುವುದಿಲ್ಲ.

ಯಹೂದಿಗಳ ತಾಲ್ಮುಡ್‌ನಲ್ಲಿ ಈ ವಿಷಯಕ್ಕೆ ಎರಡು ಕಥೆಗಳಿವೆ. ಎಲಿಷಾ ಬೆನ್ ಅಬುಯಾ ಎಂಬ ವಿದ್ವಾಂಸ ಧರ್ಮಭ್ರಷ್ಟನಾದ. ಶಿಷ್ಯ ಮೇಯಿರ್ ಮಾತ್ರ ಅವನಿಂದ ಕಲಿಯುವುದನ್ನು ಬಿಡಲಿಲ್ಲ. ಅದಕ್ಕೆ ಸಮರ್ಥನೆ ಏನು? ದಾಳಿಂಬೆ ಸಿಕ್ಕಿತು, ಬೀಜ ತಿಂದ, ಸಿಪ್ಪೆ ಎಸೆದ. ಹಾಲನ್ನು ನೀರಿನಿಂದ ಬೇರ್ಪಡಿಸುವ ನಮ್ಮ ಹಂಸನ ಕಥೆಯಂತೆಯೇ ಇದೆ, ಅಲ್ಲವೇ? ತಪ್ಪಿತಸ್ಥ ಗುರುವನ್ನು ಬಿಡಲೊಲ್ಲದವರಿಗೆ ಇದು ಅಚ್ಚುಮೆಚ್ಚಿನ ದೃಷ್ಟಾಂತ. ಆದರೆ ಎಲಿಷಾನ ತಪ್ಪು ನಂಬಿಕೆಗೆ ಸಂಬಂಧಿಸಿದುದು. ಶಿಷ್ಯ ಎಸೆದ ಸಿಪ್ಪೆ ಯಾರ ಮೈಮೇಲೂ ಬೀಳಲಿಲ್ಲ. ಸಿಪ್ಪೆ ಇನ್ನೊಬ್ಬರ ಮೈಯನ್ನು ಸುಟ್ಟಿದ್ದಾಗ ಅದೇ ಕಥೆಯನ್ನು ಹೇಳಲು ಬರುತ್ತದೆಯೇ?

ಎರಡನೆಯ ಕಥೆ ಅಷ್ಟು ಜನಪ್ರಿಯವಲ್ಲ. ಒಬ್ಬ ತರುಣ ಪಂಡಿತನ ಬಗ್ಗೆ ಕೆಟ್ಟ ಮಾತುಗಳು ಕೇಳಿಬರುತ್ತವೆ. ರಬ್ಬಿ ಯೆಹೂದ ಇಕ್ಕಟ್ಟಿಗೆ ಸಿಲುಕುತ್ತಾನೆ: ಬಹಿಷ್ಕರಿಸೋಣವೆಂದರೆ ವಿದ್ವಾಂಸರಿಗೆ ಅವನ ಅಗತ್ಯವಿದೆ, ಬಿಡೋಣವೆಂದರೆ ದೇವರ ಹೆಸರಿಗೆ ಕಳಂಕ. ದೇವದೂತನಂತಿರುವ ಗುರುವಿನ ಬಾಯಿಂದ ಮಾತ್ರ ವಿದ್ಯೆಯನ್ನು ಕೇಳಬೇಕು ಎಂಬ ಹಿರಿಯರ ಮಾತನ್ನು ಹಿಡಿದು ಅವನು ಬಹಿಷ್ಕಾರ ಹಾಕುತ್ತಾನೆ. ತಾನು ಸಾಯುವ ಹೊತ್ತಿನಲ್ಲಿ ಆ ಪಂಡಿತ ಎದುರಿಗೆ ಬಂದು ನಿಂತಾಗಲೂ ಮಣಿಯುವುದಿಲ್ಲ. ನಮ್ಮ ಸ್ವಾಮಿ ಇಲ್ಲದಿದ್ದರೆ ಶಾಲೆ ಯಾರು ನಡೆಸುತ್ತಾರೆ, ಆಸ್ಪತ್ರೆ ಯಾರು ನಡೆಸುತ್ತಾರೆ ಎಂದು ನಾವು ಕೇಳುವ ಪ್ರಶ್ನೆಯೇ ಇದು. ಸಾವಿರ ವರ್ಷಗಳಿಗೂ ಹಳೆಯ ಗ್ರಂಥವೊಂದು ಅದನ್ನು ಕೇಳಿಕೊಂಡಿತ್ತು, ಉತ್ತರವನ್ನೂ ಕೊಟ್ಟಿತ್ತು.

ಗ್ರಂಥದಲ್ಲಿ ಉತ್ತರವಿದ್ದ ಮಾತ್ರಕ್ಕೆ ಸಮುದಾಯ ಅದರಂತೆ ನಡೆಯುತ್ತದೆಂದಲ್ಲ. ಇಸ್ರೇಲಿನ ಮಡಿವಂತ ಯಹೂದಿಗಳ ಮನೆಮನೆಯಲ್ಲಿಯೂ ಇದ್ದ ಮಕ್ಕಳ ಪುಸ್ತಕಗಳ ಲೇಖಕ ಖಾಯಿಮ್ ವಾಲ್ಡರ್. ಆತ ಎಳೆಯರ ಆಪ್ತಸಲಹೆಗಾರನೂ ಆಗಿದ್ದ. 2021ರ ನವೆಂಬರ್‌ನಲ್ಲಿ ‘ಹಾರೆಟ್ಜ್’ ಪತ್ರಿಕೆ ಆತನ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಪ್ರಕಟಿಸಿತು. ಸಫೇದ್ ನಗರದ ಧಾರ್ಮಿಕ ನ್ಯಾಯಮಂಡಳಿ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಹೇಳಿಕೆ ಆಲಿಸಿತು. ಡಿಸೆಂಬರ್ ಕೊನೆಯಲ್ಲಿ ಆತ ಜೀವ ಕಳೆದುಕೊಂಡ. ಅಂತ್ಯಕ್ರಿಯೆಯಲ್ಲಿ ಹೊಗಳಿಕೆಯ ಮಾತುಗಳು ಹರಿದವು. ಗಣ್ಯ ರಬ್ಬಿಗಳು ಮನೆಗೆ ಹೋಗಿ ಸಾಂತ್ವನ ಹೇಳಿದರು. ಅದಾದ ಕೆಲವೇ ದಿನಗಳಲ್ಲಿ, ಆತನಿಂದ ನೋವುಂಡಿದ್ದೇನೆ ಎಂದಿದ್ದ ಯುವತಿಯೊಬ್ಬಳು ಇಲ್ಲವಾದಳು. ಆ ಸಾವಿನ ನಂತರ ಎಷ್ಟೋ ಮನೆಗಳವರು ಆ ಪುಸ್ತಕಗಳನ್ನು ಹೊರಗೆಸೆದರು. ಬ್ರೂಕ್ಲಿನ್ನಿನ ಪುಸ್ತಕದಂಗಡಿಯೊಂದು ಆರೋಪ ಬಂದ ಕೂಡಲೇ ಅವನ್ನು ಕಪಾಟಿನಿಂದ ತೆಗೆದಿಟ್ಟಿತ್ತು. ಶಾಸ್ತ್ರಜ್ಞರಿಗೆ ಕಾಣದ್ದು ಅಂಗಡಿಯವನಿಗೆ ಕಂಡಿತು.

ಇಷ್ಟು ದೂರ ಹೋಗಿಬಂದದ್ದು ಒಂದು ವ್ಯತ್ಯಾಸವನ್ನು ಹೇಳಲಿಕ್ಕೆ. ಒಬ್ಬ ಗುರುವಿನ ಮಾತು ನನ್ನನ್ನು ಕುಡಿತದಿಂದ ಬಿಡಿಸಿದ್ದರೆ, ಅವನ ಹಾಸ್ಟೆಲಿನ ಅನ್ನ ನನ್ನನ್ನು ಪದವೀಧರನನ್ನಾಗಿ ಮಾಡಿದ್ದರೆ, ಆ ಕೃತಜ್ಞತೆ ನನ್ನದು. ಅದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು. ಕಿತ್ತುಕೊಳ್ಳಬೇಕೆಂದು ಕೇಳುವುದು ಕ್ರೌರ್ಯ. ಮಠದ ಅನ್ನ ತಿಂದ ಹಳ್ಳಿಯ ಹುಡುಗನಿಗೆ ‘ನಿನ್ನ ಸ್ವಾಮಿಯನ್ನು ಉಗಿ’ ಎಂದು ನಗರದ ನಮ್ಮಂಥವರು ಬೋಧಿಸುವುದರಲ್ಲಿ ಒಂದು ಬಗೆಯ ಕುರುಡು ಸೊಕ್ಕಿದೆ; ಸರ್ಕಾರ ಅನ್ನ ಹಾಕದ ಕಾಲದಲ್ಲಿ ಹಾಕಿದವರು ಅವರು. ಆದರೆ ಕ್ಷಮೆ ನನ್ನದಲ್ಲ. ಇನ್ನೊಬ್ಬಳಿಗೆ ಆದ ಅನ್ಯಾಯವನ್ನು ನನಗೆ ಸಿಕ್ಕ ಉಪಕಾರದಿಂದ ವಜಾ ಮಾಡುವ ಅಧಿಕಾರ ನನಗಿಲ್ಲ. ನನ್ನ ಸಾಲವನ್ನು ಪಕ್ಕದ ಮನೆಯವಳ ಒಡವೆ ಅಡವಿಟ್ಟು ತೀರಿಸಿದಂತೆ ಅದು. ನಾವು ಮಾಡುತ್ತ ಬಂದಿರುವುದು ಅದನ್ನೇ.

2017ರ ಆಗಸ್ಟ್‌ನಲ್ಲಿ ಗುರ್ಮೀತ್ ರಾಮ್ ರಹೀಮ್ ಅತ್ಯಾಚಾರದ ಅಪರಾಧಿ ಎಂದು ಪಂಚಕುಲಾದ ನ್ಯಾಯಾಲಯ ಹೇಳಿದಾಗ ಭಕ್ತರ ಗಲಭೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬಿಡದಿಯ ನಿತ್ಯಾನಂದ ವಿಚಾರಣೆ ಮುಗಿಯುವ ಮೊದಲೇ ದೇಶ ಬಿಟ್ಟ. ಭಕ್ತರು ಮಾತ್ರ ಅವನನ್ನು ಬಿಟ್ಟಿಲ್ಲ. ಇವು ಎಲ್ಲರೂ ಬಲ್ಲ ಕಥೆಗಳು, ಬೆಳೆಸುವುದು ಬೇಡ.

ಹಾಗಾದರೆ ನಮ್ಮ ನೆಲದಲ್ಲಿ ಗುರುವನ್ನು ಒರೆಗೆ ಹಚ್ಚುವ ಸಂಪ್ರದಾಯವೇ ಇಲ್ಲವೇ? ಇದೆ. ಕೆ.ಆರ್.ನಗರದ ಸೀಮೆಯಲ್ಲಿ ಕಾವೇರಿಯ ದಂಡೆಯ ಮೇಲೆ ಕಪ್ಪಡಿ ಕ್ಷೇತ್ರವಿದೆ, ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆ. ಶಿವರಾತ್ರಿಯ ಕಾಲದ ಜಾತ್ರೆಗೆ ಸುತ್ತಲಿನ ತಾಲ್ಲೂಕುಗಳ ಒಕ್ಕಲು ಹರಿದುಬರುತ್ತದೆ. ಅಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ‘ಕಲ್ಯಾಣದ ಸಾಲು’ ಇಂಥದೊಂದು ಪರೀಕ್ಷೆಯ ಕಥೆಯೇ. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ದಾಸೋಹ ಉಣ್ಣುತ್ತಿದ್ದಾರೆ. ಅವರೆಲ್ಲರೂ ನಿಜವಾದ ಶರಣರೇ? ಮಂಟೇಸ್ವಾಮಿ ಮೈಯೆಲ್ಲ ಕುಷ್ಠವಾಗಿ, ನೊಣ ಮುತ್ತಿಕೊಂಡು, ಹೆಗಲ ಮೇಲೆ ಕೊಳೆತ ಮಾಂಸ ಹೊತ್ತು, ತಿಪ್ಪೆಯ ಮೇಲೆ ಬಂದು ಮಲಗುತ್ತಾನೆ. ವಿಭೂತಿ ಧರಿಸಿದವರು ಮೂಗು ಮುಚ್ಚಿಕೊಂಡು ಅವನನ್ನು ಅಟ್ಟುತ್ತಾರೆ. ಗುರುತು ಹಿಡಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರದು ಬರೀ ವೇಷ ಎಂಬುದು ಬಯಲಾಗುತ್ತದೆ.

ಈ ಕಥೆಯನ್ನು ಕಟ್ಟಿ ಹಾಡಿದವರು ಕಲ್ಯಾಣದ ದ್ವೇಷಿಗಳಲ್ಲ. ಬಸವಣ್ಣನ ಮೇಲಿನ ಗೌರವವನ್ನು ಅವರು ಬಿಟ್ಟುಕೊಟ್ಟಿಲ್ಲ. ಕಲ್ಯಾಣ ದೊಡ್ಡದು ಎಂಬ ಕಾರಣಕ್ಕೇ ಅಲ್ಲಿನ ವೇಷಧಾರಿಗಳನ್ನು ಹೊರಹಾಕಬೇಕು ಎಂಬುದು ಅವರ ತರ್ಕ. ಆರೋಪ ಬಂದೊಡನೆ ‘ಮಠದ ಮರ್ಯಾದೆ ಹೋಗುತ್ತದೆ, ಮುಚ್ಚಿ’ ಎನ್ನುವ ಇಂದಿನ ತರ್ಕಕ್ಕೆ ಇದು ನೇರ ಎದುರು. ಮಂಟೇಸ್ವಾಮಿ ಪರೀಕ್ಷೆ ಮಾಡಿದ್ದು ಎತ್ತರದಲ್ಲಿ ಕುಳಿತಲ್ಲ, ತಿಪ್ಪೆಯ ಮೇಲೆ ಮಲಗಿ. ನಾಲ್ಕು ಜನರ ಎದುರು ಗುರು ಹೇಗೆ ನಡೆದುಕೊಳ್ಳುತ್ತಾನೆ ಎಂ‌ಬುದು ಅಲ್ಲಿ ಅಳತೆಗೋಲಲ್ಲ. ತನಗೆ ಏನೂ ಕೊಡಲಾರದವನೊಂದಿಗೆ, ಎದುರು ಮಾತನಾಡಲಾರದವನೊಂದಿಗೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು. ಹಾಸ್ಟೆಲಿನ ಅನಾಥ ಹುಡುಗಿಗಿಂತ ನಿಷ್ಠುರವಾದ ಒರೆಗಲ್ಲು ಇನ್ನಾವುದಿದೆ?

ಅದೇ ಕಾವ್ಯ ಮುಂದೆ ಕಮ್ಮಾರರ ಮನೆಯ ಮಗ ಕೆಂಪಾಚಾರಿಯನ್ನು ಶಿಷ್ಯನನ್ನಾಗಿ ಪಡೆಯಲು ಗುರು ಕೊಡುವ ಕಾಟವನ್ನೂ ಬಣ್ಣಿಸುತ್ತದೆ ಎಂಬುದನ್ನು ಮುಚ್ಚಿಡಬಾರದು. ಅಲ್ಲಿ ಗುರುವಿನ ಕಠೋರತೆಯೇ ಕೃಪೆ. ನಮ್ಮ ಜಾನಪದ ಒಂದೇ ಉಸಿರಿನಲ್ಲಿ ಗುರುವನ್ನು ಶಂಕಿಸಲೂ ಕಲಿಸುತ್ತದೆ, ಗುರುವಿಗೆ ಶರಣಾಗಲೂ ಕಲಿಸುತ್ತದೆ. ನಾವು ಎರಡನೆಯದನ್ನು ಜಾತ್ರೆಯಾಗಿ ಉಳಿಸಿಕೊಂಡೆವು. ಮೊದಲನೆಯದನ್ನು ಹಾಡಿಗೆ ಬಿಟ್ಟುಬಿಟ್ಟೆವು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದಾರೆ. ಎಚ್.ಡಿ.ಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರ ನೆಂಟರು ಕೊಡಗಿನ ಸೆರಗಿನಲ್ಲಿಯೂ ಇದ್ದಾರೆ. ತಿತಿಮತಿಯ ಬಳಿಯ ದೇವರಪುರದಲ್ಲಿ ಪ್ರತಿವರ್ಷ ಬೇಸಿಗೆಯಲ್ಲಿ ಜೇನುಕುರುಬರೂ ಯರವರೂ ಮುಂತಾದ ಗಿರಿಜನರು ಕುಂಡೆ ಹಬ್ಬ ಮಾಡುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದ ದೇವರು ದೇವಿಯೊಬ್ಬಳ ಮೋಹಕ್ಕೆ ಸಿಲುಕಿ ತಮ್ಮನ್ನು ಕಾಡಿನಲ್ಲಿ ಕೈಬಿಟ್ಟ ಎಂಬುದು ಅವರ ದೂರು. ಅದಕ್ಕಾಗಿ ವೇಷ ಕಟ್ಟಿ, ಡೋಲು ಬಡಿದು, ಬಾಯಿಗೆ ಬಂದಂತೆ ದೇವರನ್ನು ಬೈಯುತ್ತಾರೆ. ಆಮೇಲೆ ಅದೇ ದೇವರಿಗೆ ಹರಕೆ ಒಪ್ಪಿಸಿ ಮನೆಗೆ ಮರಳುತ್ತಾರೆ. ಬೈಗುಳ ಕೇಳಿ ಪಟ್ಟಣದವರು ನಗುತ್ತಾರೆ, ಮುಜುಗರಪಡುತ್ತಾರೆ. ನನಗೆ ಮಾತ್ರ ಅದರಲ್ಲಿ ದೊಡ್ಡ ಪ್ರಜಾಪ್ರಭುತ್ವವೇ ಕಾಣಿಸುತ್ತದೆ. ದೇವರು ಮಾಡಿದ ಅನ್ಯಾಯವನ್ನು ಅವರು ಮರೆತಿಲ್ಲ, ದೇವರನ್ನೂ ಬಿಟ್ಟಿಲ್ಲ. ನಾವೋ, ಪೀಠದ ಮೇಲೆ ಕುಳಿತ ಮನುಷ್ಯನ ಎದುರು ನಿಂತು ಒಂದು ಪ್ರಶ್ನೆ ಕೇಳಲೂ ನಡುಗುತ್ತೇವೆ.

ಸುಳ್ಳು ದೂರುಗಳ ಭಯ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಮಠಗಳ ಆಸ್ತಿ, ಉತ್ತರಾಧಿಕಾರಗಳ ಜಗಳದಲ್ಲಿ ಏನು ಬೇಕಾದರೂ ನಡೆಯಬಹುದು. ಅದಕ್ಕಾಗಿಯೇ ಪರೀಕ್ಷೆಗೆ ನಿಶ್ಚಿತವಾದ ಒಂದು ದಾರಿ ಬೇಕು. ದಾರಿಯಿಲ್ಲದೆಡೆ ನಿರಪರಾಧಿ ಗುರುವಿಗೂ ತನ್ನ ಶುದ್ಧತೆಯನ್ನು ತೋರಿಸಿಕೊಳ್ಳುವ ಅವಕಾಶವಿರುವುದಿಲ್ಲ; ಜೀವನವಿಡೀ ಪಿಸುಮಾತಿನ ನೆರಳಿನಲ್ಲಿ ಕುಳಿತಿರಬೇಕಾಗುತ್ತದೆ. ಒಂದು ಮಠದ ದೂರು ಇನ್ನೊಂದು ಜಿಲ್ಲೆಯ ಠಾಣೆಯಲ್ಲಿ ಮೊದಲು ದಾಖಲಾಗುವುದನ್ನು ಕಂಡಾಗ ಆರೋಪದ ಸತ್ಯಾಸತ್ಯತೆಯನ್ನು ಬದಿಗಿಟ್ಟೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಹೋಬಳಿಯ ಆಶ್ರಮ, ಕಾನ್ವೆಂಟು, ಮದರಸಾ, ಲಾಮಾಗಳ ಶಾಲೆಯಲ್ಲಿರುವ ಮಗುವಿಗೆ ಏನಾದರೂ ಆದರೆ ಅದು ಯಾರ ಬಳಿ ಹೋಗಬೇಕು? ವಾರ್ಡನ್ ಗುರುವಿನ ಭಕ್ತ, ಟ್ರಸ್ಟಿ ಗುರುವಿನ ಭಕ್ತ, ಠಾಣೆಯ ಅಧಿಕಾರಿ ಹಬ್ಬಕ್ಕೆ ಬಂದು ಪಾದಪೂಜೆ ಮಾಡಿದವರು, ಶಾಸಕರ ಮಾತಂತೂ ಬೇಡ.

ಕಾನೂನಿಗೆ ಕೊರತೆಯಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ದೌರ್ಜನ್ಯವಾದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅಡುಗೆಯವರೂ ಇದರಿಂದ ಹೊರತಲ್ಲ, ಉತ್ತರಾಧಿಕಾರಿ ಸ್ವಾಮಿಯೂ ಹೊರತಲ್ಲ. ತಿಳಿಸದೆ ಮುಚ್ಚಿಟ್ಟರೆ 21ನೆಯ ಕಲಮಿನಡಿ ಶಿಕ್ಷೆಯಿದೆ. ಹತ್ತು ಮತ್ತು ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಲ್ಲಿ ಮಹಿಳೆಯರ ದೂರು ಆಲಿಸಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಕಾಲೇಜು, ಕಚೇರಿಗಳಲ್ಲಿ ಈ ಸಮಿತಿಯ ಫಲಕ ನೋಡಿದ್ದೇನೆ. ಮಠದ ಕಚೇರಿಯ ಗೋಡೆಯ ಮೇಲೆ ಇನ್ನೂ ನೋಡಿಲ್ಲ. ಅಲ್ಲಿ ದಾನಿಗಳ ಹೆಸರುಗಳಿರುತ್ತವೆ, ಹಿಂದಿನ ಗುರುಗಳ ಭಾವಚಿತ್ರಗಳಿರುತ್ತವೆ, ಪಾದಪೂಜೆಯ ದರಪಟ್ಟಿಯೂ ಇರುತ್ತದೆ. ಆ ಪಟ್ಟಿಯ ಪಕ್ಕದಲ್ಲಿ, ಊಟದ ಸಾಲಿನಲ್ಲಿ ನಿಂತ ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ, ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡ ಅಂಕಿಗಳಲ್ಲಿ ಬರೆಸಲು ಯಾವ ಪೀಠಾಧಿಪತಿಯ ಅಪ್ಪಣೆ ಬೇಕು? ಜಿಲ್ಲಾಡಳಿತ ಈ ನಾಲ್ಕು ತಾಲ್ಲೂಕುಗಳಿಂದಲೇ ಆರಂಭಿಸಲಿ. ಬಣ್ಣದ ಖರ್ಚನ್ನು ಭಕ್ತರೇ ಕೊಡುತ್ತಾರೆ.